ಬೆಲ್‌ಗ್ರೇಡ್ ನಗರದ ಕಾಂಕ್ರೀಟು ಕಟ್ಟಡಗಳು: ಚರಿತ್ರೆಯ ಸಾಕ್ಷಿಗಳಾಗಿ

ರಾಜ್ಯವು ಅಳಿದ ಮೇಲೂ ಅದು ಕಟ್ಟಿಸಿದ ಕಟ್ಟಡಗಳು ಉಳಿಯುವುದು ಚರಿತ್ರೆಯಲ್ಲಿ ಅಪೂರ್ವವಾದ ಸಂಗತಿಯೇನಲ್ಲ. ಆದರೆ ಸಾಮಾನ್ಯವಾಗಿ ಅಂತಹ ಅವಶೇಷಗಳಿಗೂ ಅವುಗಳನ್ನು ಅಭ್ಯಸಿಸುವ ನಮಗೂ ನಡುವೆ ಹಲವು ಶತಮಾನಗಳ ಅಂತರವಿರುತ್ತದೆ. ಕಟ್ಟಿದವರ ಉದ್ದೇಶವೇನಿದ್ದಿತೆಂದು ಕೇಳಿ ತಿಳಿಯಲು ಯಾರೂ ಉಳಿದಿರುವುದಿಲ್ಲ. ಯುಗೊಸ್ಲಾವಿಯದ ವಿಷಯದಲ್ಲಿ ಹಾಗಲ್ಲ. 1945ರಲ್ಲಿ ಗಣರಾಜ್ಯವೆಂದು ಘೋಷಿತವಾದ ಆ ಒಕ್ಕೂಟವು 1991-92ರಲ್ಲಿ ಒಡೆದುಹೋಯಿತು. ಅದರ ರಾಜಧಾನಿಯಾಗಿದ್ದ ಬೆಲ್‌ಗ್ರೇಡಿನಲ್ಲಿ ಆ ಒಕ್ಕೂಟದ ಕಾಲದ ಮನೆಗಳಲ್ಲಿ ಹುಟ್ಟಿ ಬೆಳೆದವರು ಇಂದಿಗೂ ಅವೇ ಮನೆಗಳಲ್ಲಿ ವಾಸವಾಗಿದ್ದಾರೆ. ರಾಜ್ಯ ಮಾತ್ರ ಭೂಪಟದಲ್ಲಿಲ್ಲ.

ಕೆಲವು ದಿನಗಳ ಮಟ್ಟಿಗೆ ಆ ನಗರವನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡುವ ಅವಕಾಶ ನನಗೆ ದೊರೆತಿತ್ತು. ಆಗ ಮನಸ್ಸಿನಲ್ಲಿ ಎದ್ದ ಒಂದು ಪ್ರಶ್ನೆಯನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ. ಕಟ್ಟಡದ ಬಾಹ್ಯರೂಪವನ್ನು ನೋಡಿ, ಅದನ್ನು ಕಟ್ಟಿದ ರಾಜ್ಯದ ಸ್ವಭಾವವನ್ನು ನಿರ್ಣಯಿಸುವುದು ಎಷ್ಟರಮಟ್ಟಿಗೆ ಯುಕ್ತ?

ಪೂರ್ವ ಯೂರೋಪಿನ ನಗರಗಳನ್ನು ವರ್ಣಿಸುವ ಪ್ರವಾಸಿಗಳು ಸಾಮಾನ್ಯವಾಗಿ ಒಂದೇ ಮಾತನ್ನು ಹೇಳುವರು: ಬೂದುಬಣ್ಣದ ಕಾಂಕ್ರೀಟು, ಒಂದೇ ಅಚ್ಚಿನ ಮಹಡಿಗಳು, ಆದುದರಿಂದ ಕಮ್ಯೂನಿಸ್ಟ್ ಆಡಳಿತ. ನಾನೂ ಇದೇ ಪೂರ್ವಗ್ರಹದಿಂದಲೇ ಹೊರಟವನೆಂದು ಒಪ್ಪಿಕೊಳ್ಳಬೇಕು. ಈ ‘ಆದುದರಿಂದ’ ಎಂಬ ಪದವೇ ಪರೀಕ್ಷಿಸತಕ್ಕದ್ದು. ಬ್ರೂಟಲಿಸಂ ಎಂದು ಹೆಸರು ಪಡೆದ ವಾಸ್ತುಶೈಲಿಯು ಹುಟ್ಟಿದ್ದು ಪಶ್ಚಿಮ ಯೂರೋಪಿನಲ್ಲಿ. ಗಾರೆಯ ಮರೆಯಿಲ್ಲದೆ, ಅಚ್ಚಿನ ಹಲಗೆಗಳ ಗುರುತೂ ಕಾಣುವಂತೆ ಉಳಿಸಿದ ಕಾಂಕ್ರೀಟಿಗೆ ಫ್ರೆಂಚ್ ಭಾಷೆಯಲ್ಲಿರುವ ‘ಬೆತೋಂ ಬ್ರೂ’ ಎಂಬ ಹೆಸರಿನೊಡನೆ ಈ ಪದಕ್ಕೆ ಸಂಬಂಧವುಂಟು. ಲ ಕಾರ್ಬೂಸಿಯೆ ಮಾರ್ಸೇಲ್ಸ್ ನಗರದಲ್ಲಿ 1952ರಲ್ಲಿ ಮುಗಿಸಿದ ವಸತಿಗೃಹವು ಇದರ ಪ್ರಸಿದ್ಧ ನಿದರ್ಶನ. ಅದೇ ವಾಸ್ತುಶಿಲ್ಪಿಯ ಕಾಂಕ್ರೀಟನ್ನು ನಾವು ಚಂಡೀಗಢದಲ್ಲಿ ಕಾಣಬಹುದು. ಚಂಡೀಗಢವನ್ನು ನೋಡಿದ ಯಾರೂ ಅದನ್ನು ಕಮ್ಯೂನಿಸ್ಟ್ ನಗರವೆಂದು ಕರೆಯುವುದಿಲ್ಲ. ಇತ್ತ ಸ್ಟಾಲಿನ್ನನ ಕಾಲದ ಮಾಸ್ಕೋ ಮೆಚ್ಚಿದ ಶೈಲಿಯಾದರೋ ಇದಕ್ಕೆ ತೀರ ಭಿನ್ನವಾದುದು. ಸೋವಿಯತ್ ಒಕ್ಕೂಟದ ಕಾಣಿಕೆಯಾಗಿ 1955ರಲ್ಲಿ ವಾರ್ಸಾ ನಗರದಲ್ಲಿ ಪೂರ್ಣಗೊಂಡ ಸಂಸ್ಕೃತಿ ಮತ್ತು ವಿಜ್ಞಾನದ ಅರಮನೆಯು ಶಿಖರ, ಕಂಬ, ಶಿಲ್ಪಾಲಂಕಾರಗಳಿಂದ ತುಂಬಿದೆ. ಅಂದಮೇಲೆ ಶೈಲಿಯಿಂದ ಸಿದ್ಧಾಂತವನ್ನು ನೇರವಾಗಿ ಊಹಿಸುವ ಮಾರ್ಗವು ಮೊದಲ ಹೆಜ್ಜೆಯಲ್ಲಿಯೇ ತಪ್ಪುತ್ತದೆ.

ಬೆಲ್‌ಗ್ರೇಡಿನ ಹಳೆಯ ಊರು ಸಾವಾ ನದಿಯು ಡ್ಯಾನ್ಯೂಬನ್ನು ಕೂಡುವೆಡೆಯಲ್ಲಿ, ಎತ್ತರವಾದ ಬಲದಂಡೆಯ ಮೇಲಿದೆ. ಎದುರುದಂಡೆಯಲ್ಲಿರುವುದು ನೊವಿ ಬೆಯೊಗ್ರಾಡ್, ಅಂದರೆ ಹೊಸ ಬೆಲ್‌ಗ್ರೇಡ್. ಈ ಎಡದಂಡೆಯ ಭೂಮಿಯು ಜೌಗುಪ್ರದೇಶವಾಗಿದ್ದಿತು. ಅದು ಬಹುಕಾಲ ಬರಿದಾಗಿ ಉಳಿದುದಕ್ಕೆ ಕೆಸರೊಂದೇ ಕಾರಣವಲ್ಲ. ಅದರಾಚೆಯ ಜೆಮುನ್ ಪಟ್ಟಣವು 1918ರವರೆಗೂ ಆಸ್ಟ್ರಿಯ-ಹಂಗರಿ ಸಾಮ್ರಾಜ್ಯಕ್ಕೆ ಸೇರಿದ್ದಿತು. ಈಚೆಯ ಬೆಲ್‌ಗ್ರೇಡ್ ಮೊದಲು ತುರ್ಕರದು, ಅನಂತರ ಸರ್ಬಿಯದ್ದು. ಎರಡು ರಾಜ್ಯಗಳ ನಡುವಿನ ಗಡಿಯ ಬಯಲಿನಲ್ಲಿ ಮನೆ ಕಟ್ಟುವವರಾರು? ಹೊಸ ರಾಜ್ಯವು ತನ್ನ ರಾಜಧಾನಿಗೆ ಈ ಶೂನ್ಯಭೂಮಿಯನ್ನೇ ಆರಿಸಿಕೊಂಡಿತು. ಹಳೆಯ ಯಾವ ವಂಶದ, ಯಾವ ಸಾಮ್ರಾಜ್ಯದ ಗುರುತೂ ಅಲ್ಲಿಲ್ಲವೆಂಬುದು ಆ ಆಯ್ಕೆಯ ಒಂದು ಆಕರ್ಷಣೆಯಾಗಿದ್ದಿತೆಂದು ಭಾವಿಸಬಹುದು. ಆದರೆ ಭೂಮಿಯು ಅಷ್ಟು ಶೂನ್ಯವಾಗಿರಲಿಲ್ಲವೆಂಬುದನ್ನು ಮುಂದೆ ನೋಡುವೆವು.

1948ರ ಏಪ್ರಿಲ್ 11ರಂದು ಕೆಲಸವು ಆರಂಭವಾಯಿತು. ದೇಶದ ಎಲ್ಲ ಭಾಗಗಳಿಂದ ಬಂದ ಯುವಕ ಯುವತಿಯರ ಶ್ರಮದಳಗಳು ಜೌಗನ್ನು ಮರಳಿನಿಂದ ತುಂಬಿ ನೆಲವನ್ನು ಎತ್ತರಿಸಿದುವು. ಎರಡೂವರೆ ತಿಂಗಳು ಕಳೆಯುವಷ್ಟರಲ್ಲಿ, ಜೂನ್ 28ರಂದು, ಕಾಮಿನ್‌ಫಾರ್ಮ್ ಸಂಸ್ಥೆಯು ಯುಗೊಸ್ಲಾವ್ ಪಕ್ಷವನ್ನು ಬಹಿಷ್ಕರಿಸಿತು. ಟೀಟೋ ಮತ್ತು ಸ್ಟಾಲಿನ್ ಇವರ ಈ ವಿಚ್ಛೇದದ ಫಲವಾಗಿ ಪೂರ್ವದ ದೇಶಗಳೊಡನೆ ವ್ಯಾಪಾರವು ಕಡಿದುಹೋಯಿತು. ಹಣವೂ ಸಾಮಗ್ರಿಯೂ ಇಲ್ಲದೆ ಹೊಸ ನಗರದ ಕೆಲಸ ಕೆಲವು ವರ್ಷ ನಿಂತಿತು. ಪುನಃ ಆರಂಭವಾದಾಗ ಸೋವಿಯತ್ ಮಾದರಿಯು ಅನುಕರಣೀಯವಾಗಿ ಉಳಿದಿರಲಿಲ್ಲ. ಹೊಸ ಬೆಲ್‌ಗ್ರೇಡಿನ ಕಾಂಕ್ರೀಟು ಮಾಸ್ಕೋವಿನ ಪ್ರತಿಬಿಂಬವೆಂದು ತಿಳಿಯುವ ಪ್ರವಾಸಿಯು ಸತ್ಯವನ್ನು ತಲೆಕೆಳಗು ಮಾಡುತ್ತಾನೆ. ಅದು ಮಾಸ್ಕೋವಿನಿಂದ ದೂರ ಸರಿದುದರ ಗುರುತು.

ಒಕ್ಕೂಟದ ಕಾರ್ಯಾಂಗಕ್ಕಾಗಿ ಕಟ್ಟಿದ ಅರಮನೆಯಲ್ಲಿ ಈ ಏರಿಳಿತವೆಲ್ಲವೂ ಅಡಗಿದೆ. 1947ರ ಸ್ಪರ್ಧೆಯಲ್ಲಿ ಗೆದ್ದ ವಿನ್ಯಾಸವು ವ್ಲಾದಿಮಿರ್ ಪೊತೊಚ್ನ್ಯಾಕ್ ಮತ್ತು ಆತನ ಸಹೋದ್ಯೋಗಿಗಳದು. ಕೆಲಸ ನಿಂತಿತು, ಪೊತೊಚ್ನ್ಯಾಕ್ 1952ರಲ್ಲಿ ತೀರಿಕೊಂಡನು, ಮಿಹಾಯಿಲೊ ಯಾಂಕೊವಿಚ್ ಅದನ್ನು ಮಾರ್ಪಡಿಸಿ 1961ರ ವೇಳೆಗೆ ಮುಗಿಸಿದನು. ಒಳಗೆ ಆರು ಗಣರಾಜ್ಯಗಳಲ್ಲಿ ಒಂದೊಂದಕ್ಕೂ ಒಂದೊಂದು ಸಭಾಂಗಣ, ಇಡೀ ಯುಗೊಸ್ಲಾವಿಯಕ್ಕೆಂದು ಮತ್ತೊಂದು ದೊಡ್ಡ ಸಭಾಂಗಣ. ಇಂದು ಆ ಆರೂ ಬೇರೆ ಬೇರೆ ದೇಶಗಳಾಗಿವೆ. ಕಟ್ಟಡವು ‘ಸರ್ಬಿಯದ ಅರಮನೆ’ ಎಂಬ ಹೆಸರನ್ನು ತಾಳಿದೆ. ಒಂದು ಸಂವಿಧಾನವನ್ನು ಕೊಠಡಿಗಳ ಭಾಷೆಯಲ್ಲಿ ಬರೆದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕುವುದು ಕಷ್ಟ.

ಅದೇ 1961ರ ಸೆಪ್ಟೆಂಬರ್ 1ರಿಂದ 6ರವರೆಗೆ ಅಲಿಪ್ತ ರಾಷ್ಟ್ರಗಳ ಪ್ರಥಮ ಶೃಂಗಸಮ್ಮೇಳನವು ಬೆಲ್‌ಗ್ರೇಡಿನಲ್ಲಿ ನೆರೆಯಿತು. ಇಪ್ಪತ್ತೈದು ರಾಷ್ಟ್ರಗಳು ಸದಸ್ಯರಾಗಿ ಭಾಗವಹಿಸಿದುವು. ಭಾರತದ ಪರವಾಗಿ ಜವಾಹರಲಾಲ್ ನೆಹರೂ ಹೋಗಿದ್ದರು. ಸಮ್ಮೇಳನವು ನೆರೆದದ್ದು ಹಳೆಯ ಊರಿನ ಸಂಸತ್ತಿನ ಭವನದಲ್ಲಿ. ಆದರೆ ಅದರ ಜ್ಞಾಪಕಾರ್ಥವಾಗಿ ಹೊಸ ಬೆಲ್‌ಗ್ರೇಡಿನಲ್ಲಿ ನದೀಸಂಗಮದ ಬಳಿ ಸ್ನೇಹೋದ್ಯಾನವೆಂಬ ಹೆಸರಿನ ತೋಟವನ್ನು ಆರಂಭಿಸಿ ರಾಷ್ಟ್ರನಾಯಕರಿಂದ ಗಿಡಗಳನ್ನು ನೆಡಿಸಲಾಯಿತು. ಆ ಗಿಡಗಳ ಸಾಲು ಇಂದು ದೊಡ್ಡ ಮರಗಳ ಸಾಲಾಗಿದೆ. ಅದರ ನೆರಳಿನಲ್ಲಿ ನಿಂತಾಗ, ಪರದೇಶದ ಚರಿತ್ರೆಯೆಂದು ನಾನು ನೋಡುತ್ತಿದ್ದುದರಲ್ಲಿ ನಮ್ಮ ದೇಶದ ಒಂದು ಪುಟವೂ ಸೇರಿದೆಯೆಂಬ ಅರಿವುಂಟಾಯಿತು.

ಇಷ್ಟು ರಾಜ್ಯದ ಕಟ್ಟಡಗಳ ಮಾತಾಯಿತು. ಆದರೆ ಹೊಸ ಬೆಲ್‌ಗ್ರೇಡಿನ ಬಹುಭಾಗವು ಅರಮನೆಯಲ್ಲ, ಮನೆ. ಇಂದು ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರು ವಾಸಿಸುವರು. ನಗರವನ್ನು ಬಡಾವಣೆಗಳ ಹೆಸರಿನಿಂದಲ್ಲದೆ ಬ್ಲಾಕುಗಳ ಸಂಖ್ಯೆಯಿಂದ ಗುರುತಿಸುತ್ತಾರೆ. ಸಂಖ್ಯೆಯು ನೀರಸವಾದರೂ ಬ್ಲಾಕುಗಳು ಒಂದರಂತೊಂದಿಲ್ಲ. ಎಂಜಿನಿಯರ್ ಬ್ರಾಂಕೊ ಜೆಜೆಲ್ಯ್ 1957ರಲ್ಲಿ ರೂಪಿಸಿದ ಪೂರ್ವಪ್ರತಿಬಲಿತ ಕಾಂಕ್ರೀಟಿನ ಪದ್ಧತಿಯೇ ಇದಕ್ಕೆ ಒಂದು ಕಾರಣ. ಈ ಪದ್ಧತಿಯಲ್ಲಿ ಬಿಗಿಯಾಗಿ ಎಳೆದ ಉಕ್ಕಿನ ತಂತಿಗಳು ಕಂಬಗಳನ್ನೂ ನೆಲದ ಹಾಸುಗಳನ್ನೂ ಒಂದಾಗಿ ಹಿಡಿದಿಡುತ್ತವೆ; ಭಾರವನ್ನು ಹೊರುವುದು ಈ ಚೌಕಟ್ಟೇ ಹೊರತು ಗೋಡೆಗಳಲ್ಲ. ಆದುದರಿಂದ ಒಳಗಿನ ಕೊಠಡಿಗಳನ್ನು ಬೇಕಾದಂತೆ ವಿಂಗಡಿಸಲು ವಾಸ್ತುಶಿಲ್ಪಿಗೆ ಅವಕಾಶವಿದ್ದಿತು. ಬ್ಲಾಕುಗಳ ನಡುವೆ ಶಾಲೆ, ಶಿಶುವಿಹಾರ, ಮರಗಳಿಂದ ಕೂಡಿದ ವಿಶಾಲವಾದ ಅಂಗಳಗಳಿವೆ. ಹೊರಗಿನಿಂದ ಕಠೋರವಾಗಿ ಕಾಣುವ ಗೋಡೆಯ ಹಿಂದೆ ಮಧ್ಯಾಹ್ನದ ಹೊತ್ತಿನಲ್ಲಿ ಮಕ್ಕಳು ಆಡುತ್ತಿರುವುದನ್ನೂ, ವೃದ್ಧರು ಬೆಂಚಿನ ಮೇಲೆ ಕುಳಿತು ಚದುರಂಗವಾಡುತ್ತಿರುವುದನ್ನೂ ನಾನು ಕಂಡೆನು.

ಈ ಮನೆಗಳು ಬಹುಮಟ್ಟಿಗೆ ಸಮಾಜದ ಸ್ವತ್ತು. ಉದ್ಯಮಗಳೂ ಸರ್ಕಾರಿ ಸಂಸ್ಥೆಗಳೂ ಅವುಗಳನ್ನು ತಮ್ಮ ನೌಕರರಿಗೆ ಹಂಚುತ್ತಿದ್ದುವು. ಪಡೆದವನಿಗೆ ಒಡೆತನವಿಲ್ಲದಿದ್ದರೂ ಶಾಶ್ವತವಾದ ವಾಸದ ಹಕ್ಕಿದ್ದಿತು. ಇದನ್ನು ಬರಿಯ ಸದ್ಗುಣವೆಂದು ಹೊಗಳುವಂತಿಲ್ಲ. ವಸತಿನಿಧಿಗಾಗಿ ಎಲ್ಲ ನೌಕರರ ವೇತನದಿಂದಲೂ ವಂತಿಗೆ ಹೋಗುತ್ತಿದ್ದರೂ, ಮನೆಯು ದೊರೆಯುವಾಗ ಅಧಿಕಾರಿಗಳಿಗೂ ವಿದ್ಯಾವಂತರಿಗೂ ಹೆಚ್ಚಿನ ಪಾಲು ದೊರೆಯುತ್ತಿದ್ದಿತು. ಸರದಿಯಲ್ಲಿ ಕಾದು ಬೇಸತ್ತ ಅನೇಕ ಕಾರ್ಮಿಕರು ನಗರದ ಅಂಚಿನಲ್ಲಿ ಅನುಮತಿಯಿಲ್ಲದೆ ತಾವೇ ಮನೆ ಕಟ್ಟಿಕೊಂಡರು. ಕಲುಜೆರಿತ್ಸಾ ಎಂಬ ದೊಡ್ಡ ವಸತಿಯು ಹೀಗೆ ಬೆಳೆದುದು. ಸಮಾನತೆಯ ಹೆಸರಿನಲ್ಲಿ ಎದ್ದ ನಗರದ ಅಸಮಾನತೆಯನ್ನು ತಿಳಿಯಬೇಕಾದರೆ ಈ ಇಟ್ಟಿಗೆಯ ಮನೆಗಳನ್ನೂ ಕಾಂಕ್ರೀಟಿನ ಮನೆಗಳ ಜೊತೆಗೆ ಓದಬೇಕು.

1990ರ ದಶಕದ ಆರಂಭದಲ್ಲಿ ಮನೆಗಳನ್ನು ವಾಸಿಸುವವರಿಗೇ ಮಾರಲಾಯಿತು. 1993ರ ಭೀಕರ ಹಣದುಬ್ಬರದಲ್ಲಿ ಬೆಲೆಯು ನಾಮಮಾತ್ರವಾಯಿತು. ಒಳಗಿನ ಮನೆಗೆ ಒಡೆಯನು ಬಂದನು. ಹೊರಗೋಡೆ, ಮೇಲ್ಛಾವಣಿ, ಲಿಫ್ಟುಗಳಿಗೆ ಹೊಣೆಗಾರರು ಇಲ್ಲವಾದರು. ಇಂದು ಒಂದೇ ಗೋಡೆಯಲ್ಲಿ ಒಬ್ಬನ ಜಗುಲಿಗೆ ಗಾಜು, ಇನ್ನೊಬ್ಬನದಕ್ಕೆ ತಗಡು, ಮತ್ತೊಬ್ಬನದು ತೆರೆದೇ ಇದೆ. ಇದನ್ನು ಕಮ್ಯೂನಿಸ್ಟ್ ಕಾಲದ ಕುರೂಪವೆಂದು ಪ್ರವಾಸಿಯು ಛಾಯಾಚಿತ್ರ ತೆಗೆಯುವನು. ವಾಸ್ತವವಾಗಿ ಅದು ಆ ಕಾಲವು ಮುಗಿದ ಮೇಲಿನ ದಾಖಲೆ.

ವಿಮಾನನಿಲ್ದಾಣದ ದಾರಿಯಲ್ಲಿ ನಿಂತಿರುವ ಜೆನೆಕ್ಸ್ ಗೋಪುರವನ್ನು ಈ ದೃಷ್ಟಿಯಿಂದ ನೋಡತಕ್ಕದ್ದು. ಮಿಹಾಯ್ಲೊ ಮಿತ್ರೊವಿಚ್ ವಿನ್ಯಾಸಗೊಳಿಸಿ 1970ರ ದಶಕದಲ್ಲಿ ಕಟ್ಟಿದ ಈ ಜೋಡಿಗೋಪುರಗಳಲ್ಲಿ ಒಂದು ವಿದೇಶವ್ಯಾಪಾರದ ಸಂಸ್ಥೆಗೆ, ಇನ್ನೊಂದು ವಸತಿಗೆ. ಎರಡನ್ನೂ ಮೇಲೊಂದು ಸೇತುವೆ ಕೂಡಿಸುತ್ತದೆ. ಸಂಸ್ಥೆಯು ದಿವಾಳಿಯಾಯಿತು, ಅದರ ಗೋಪುರವು ಬಹುಕಾಲ ಬರಿದಾಗಿ ನಿಂತಿತು. ವಸತಿಯ ಗೋಪುರದಲ್ಲಿ ದೀಪಗಳು ಆರಲಿಲ್ಲ.

ಹಳೆಯ ಊರಿನ ನೆಮಾನ್ಯಿನಾ ಬೀದಿಯಲ್ಲಿ ನಿಕೋಲಾ ದೊಬ್ರೊವಿಚ್ ಕಟ್ಟಿ 1965ರಲ್ಲಿ ಮುಗಿಸಿದ ಸೇನಾಪ್ರಧಾನ ಕಚೇರಿಯ ಕಥೆ ಬೇರೆ. ಬೀದಿಯ ಎರಡು ಪಕ್ಕಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಇದರ ಭಾಗಗಳಲ್ಲಿ ಜನರು 1943ರ ಸುತ್ಯೆಸ್ಕಾ ಕದನದ ಕಣಿವೆಯನ್ನು ಕಂಡರು. 1999ರ ಏಪ್ರಿಲ್-ಮೇ ತಿಂಗಳುಗಳಲ್ಲಿ ನೇಟೋ ವಿಮಾನಗಳು ಇದರ ಮೇಲೆ ಬಾಂಬು ಹಾಕಿದುವು. 2005ರಲ್ಲಿ ಅದಕ್ಕೆ ಸಾಂಸ್ಕೃತಿಕ ಸ್ವತ್ತೆಂಬ ರಕ್ಷಣೆ ದೊರೆಯಿತು. 2024ರ ನವೆಂಬರಿನಲ್ಲಿ, ಅಲ್ಲಿ ಹೊಸ ಕಟ್ಟಡಗಳನ್ನು ಎಬ್ಬಿಸುವ ಸಲುವಾಗಿ, ಸರ್ಕಾರವೇ ಆ ರಕ್ಷಣೆಯನ್ನು ತೆಗೆದುಹಾಕಿತು. ವಾಸ್ತುಶಿಲ್ಪಿಗಳೂ ವಿದ್ಯಾರ್ಥಿಗಳೂ ಪ್ರತಿಭಟಿಸಿದರು. ಒಂದೇ ಕಟ್ಟಡವು ಒಂದು ಕದನದ ಸ್ಮಾರಕವಾಗಿ ಹುಟ್ಟಿ ಮತ್ತೊಂದು ಯುದ್ಧದ ಸ್ಮಾರಕವಾಯಿತು.

ಕೊನೆಯದಾಗಿ, ಶೂನ್ಯಭೂಮಿಯೆಂಬ ಮಾತಿಗೆ ಮರಳಬೇಕು. ಸಾವಾ ನದಿಯ ಎಡದಂಡೆಯಲ್ಲಿ 1937ರಲ್ಲಿ ಒಂದು ವಸ್ತುಪ್ರದರ್ಶನದ ಮೈದಾನವು ತೆರೆದಿದ್ದಿತು. ಜರ್ಮನ್ ಆಕ್ರಮಣದ ಕಾಲದಲ್ಲಿ ಅದರ ಮಂಟಪಗಳೇ ಸೆರೆಶಿಬಿರವಾದುವು. 1942ರ ವಸಂತಕಾಲದಲ್ಲಿ ಅಲ್ಲಿದ್ದ ಆರು ಸಾವಿರಕ್ಕೂ ಮಿಕ್ಕ ಯೆಹೂದಿ ಸ್ತ್ರೀಯರನ್ನೂ ಮಕ್ಕಳನ್ನೂ ವಿಷಾನಿಲದ ವಾಹನದಲ್ಲಿ ಕೊಂದರು. 1948ರಲ್ಲಿ ಹೊಸ ನಗರವನ್ನು ಕಟ್ಟುವವರ ಕಚೇರಿಯು ಅದೇ ಮಂಟಪಗಳಲ್ಲಿ ನೆಲಸಿತು. ಮುಂದೆ ಚಿತ್ರಕಾರರಿಗೆ ಅಲ್ಲಿ ಜಾಗ ಕೊಟ್ಟರು. ನದೀತೀರದ ದೊಡ್ಡ ಸ್ಮಾರಕ ಎದ್ದದ್ದು 1995ರಲ್ಲಿ; ಆ ಸ್ಥಳಕ್ಕಾಗಿ ಪ್ರತ್ಯೇಕ ಶಾಸನವಾದದ್ದು 2020ರಲ್ಲಿ. ಕಾಂಕ್ರೀಟನ್ನು ನೋಡಲೆಂದು ಹೋದ ನಾನು ಮೊದಲ ದಿನ ಈ ಸ್ಥಳದ ಪಕ್ಕದಲ್ಲಿಯೇ ನಡೆದುಹೋಗಿದ್ದೆನು, ಗುರುತಿಸಲಿಲ್ಲ. ತಗ್ಗಾದ, ಶಿಥಿಲವಾದ ಆ ಮಂಟಪಗಳಲ್ಲಿ ಕಣ್ಣನ್ನು ಸೆಳೆಯುವಂತಹುದೇನೂ ಇರಲಿಲ್ಲ.

ಆದಕಾರಣ ಕಟ್ಟಡವನ್ನು ಸಾಕ್ಷಿಯೆಂದು ಒಪ್ಪುವ ವಿದ್ಯಾರ್ಥಿಯು ಅದರ ಮುಖವನ್ನು ನೋಡಿ ತೃಪ್ತನಾಗಕೂಡದು. ಯಾವ ವರ್ಷ ಆರಂಭವಾಯಿತು, ಏಕೆ ನಿಂತಿತು, ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ, ಈಗ ಅದರ ಹೊಣೆ ಯಾರದು, ಅದಕ್ಕೆ ಮೊದಲು ಆ ನೆಲದ ಮೇಲೆ ಏನಿದ್ದಿತು ಎಂಬುದನ್ನು ವಿಚಾರಿಸಬೇಕು. ಮರುದಿನ ನಾನು ಸಾವಾ ತೀರಕ್ಕೆ ಮತ್ತೆ ಹೋದೆನು. ಹಳೆಯ ಪ್ರದರ್ಶನಗೋಪುರದ ಬುಡದಲ್ಲಿ ಹುಲ್ಲು ಬೆಳೆದಿದ್ದಿತು. ಅದರ ಹಿಂದೆ, ಅಷ್ಟು ದೂರದಲ್ಲಿ, ಹೊಸ ಬೆಲ್‌ಗ್ರೇಡಿನ ಬ್ಲಾಕುಗಳಲ್ಲಿ ಸಂಜೆಯ ದೀಪಗಳು ಹತ್ತುತ್ತಿದ್ದುವು.