ಎಫ್.ಎ.ಯಿಂದ ಬಿ.ಎ.ಗೆ: ಶಿರ್ವ ಪರಿಸರದಲ್ಲಿ ಪದವಿಯ ನಡುಮೆಟ್ಟಿಲು

ಕಾರ್ಕಳದಲ್ಲಿ, ಹಾಗೆಯೇ ಕರ್ನಾಟಕದ ಅನೇಕ ಪಟ್ಟಣಗಳಲ್ಲಿ, ಸರಕಾರಿ ಪದವಿ ಕಾಲೇಜಿನ ಹೆಸರಿನೊಡನೆ ‘ಪ್ರಥಮ ದರ್ಜೆ’ ಎಂಬ ವಿಶೇಷಣವಿರುವುದನ್ನು ಎಲ್ಲರೂ ಬಲ್ಲರು. ಪ್ರಥಮ ದರ್ಜೆಯೊಂದು ಇದೆಯೆಂದ ಮೇಲೆ ದ್ವಿತೀಯ ದರ್ಜೆಯೂ ಇದ್ದಿರಬೇಕಷ್ಟೆ. ಅದು ಯಾವುದು, ಮುಂದೆ ಏನಾಯಿತು ಎಂದು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಕ್ರಮದಲ್ಲಿ ಪದವಿಯ ದಾರಿ ಎರಡು ಭಾಗವಾಗಿತ್ತು. ಮೆಟ್ರಿಕ್ಯುಲೇಷನ್ ಆದವನು ಎರಡು ವರ್ಷ ಓದಿ ಎಫ್.ಎ. ಪರೀಕ್ಷೆಯನ್ನೂ, ಮತ್ತೆರಡು ವರ್ಷ ಓದಿ ಬಿ.ಎ. ಪರೀಕ್ಷೆಯನ್ನೂ ಮುಗಿಸಬೇಕು. ಎಫ್.ಎ.ವರೆಗೆ ಮಾತ್ರ ಕಲಿಸುವ ಕಾಲೇಜು ದ್ವಿತೀಯ ದರ್ಜೆಯದು, ಬಿ.ಎ.ವರೆಗೆ ಕಲಿಸುವುದು ಪ್ರಥಮ ದರ್ಜೆಯದು. ಮಂಗಳೂರಿನ ಸರಕಾರಿ ಕಾಲೇಜು ದೀರ್ಘಕಾಲ ದ್ವಿತೀಯ ದರ್ಜೆಯಲ್ಲಿಯೇ ಇದ್ದಿತು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು ಆ ದಶಕದಲ್ಲಿಯೇ ಪ್ರಥಮ ದರ್ಜೆಗೆ ಏರಿತು. 1904ರ ವಿಶ್ವವಿದ್ಯಾನಿಲಯ ಶಾಸನದ ತರುವಾಯ ಎಫ್.ಎ.ಯ ಸ್ಥಾನಕ್ಕೆ ಇಂಟರ್‌ಮೀಡಿಯೇಟ್ ಬಂದಿತು. ಹೆಸರು ಬದಲಾದರೂ ನಡುಮೆಟ್ಟಿಲು ಉಳಿಯಿತು.

ಈ ಮೆಟ್ಟಿಲಲ್ಲಿ ನಿಂತವರನ್ನು ಸೋತವರೆಂದು ಎಣಿಸಲಾಗದು. ಪಂಜೆ ಮಂಗೇಶರಾಯರು ಎಫ್.ಎ. ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು, ಬಿ.ಎ.ಯನ್ನೂ ಎಲ್.ಟಿ.ಯನ್ನೂ ಆಮೇಲೆ ಪಡೆದರು. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ.ಗಾಗಿ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿ, ಮನೆಯ ಕಾರಣದಿಂದ ಪದವಿಯನ್ನು ಪೂರೈಸದೆ ಮರಳಿದರು. ಅವರನ್ನು 1949ರಲ್ಲಿ ಮದರಾಸು ಸರಕಾರವು ರಾಷ್ಟ್ರಕವಿಯೆಂದು ಗೌರವಿಸಿತು. ಆದರೆ ಅಸಾಧಾರಣರ ದೃಷ್ಟಾಂತದಿಂದ ಸಾಮಾನ್ಯರ ಸ್ಥಿತಿಯನ್ನು ಅಳೆಯುವುದು ಚರಿತ್ರಕಾರನಿಗೆ ತಕ್ಕುದಲ್ಲ.

ಉಡುಪಿಗೂ ಕಾರ್ಕಳಕ್ಕೂ ನಡುವಣ ಶಿರ್ವದ ವಿದ್ಯಾರ್ಥಿಯನ್ನು ನೆನೆಯೋಣ. ಅವನಿಗೆ ಎಫ್.ಎ. ಆಗಲಿ ಬಿ.ಎ. ಆಗಲಿ ಮಂಗಳೂರಿನಲ್ಲಿಯೇ. ಕಾಪುವಿಗಿಳಿದು ತೆಂಕಣಕ್ಕೆ ಹೊರಟರೆ ಮೂಲ್ಕಿಯ ಶಾಂಭವಿ, ಪಾವಂಜೆಯ ನಂದಿನಿ, ಕೂಳೂರಿನ ಗುರುಪುರ ಹೊಳೆ ಎದುರಾಗುತ್ತವೆ. ಸೇತುವೆಗಳಾಗುವ ಮೊದಲು ಇವುಗಳನ್ನು ದೋಣಿಯಲ್ಲಿ ದಾಟಬೇಕಿತ್ತು. ದಿನವೂ ಹೋಗಿಬರುವ ದಾರಿ ಅದಲ್ಲ. ಪಟ್ಟಣದಲ್ಲಿ ವಾಸ, ಊಟ, ಶುಲ್ಕ ಇವೆಲ್ಲದರ ಭಾರ ಬೇಸಾಯದ ಮನೆಯ ಮೇಲೆ ಬೀಳುತ್ತಿತ್ತು. ಎರಡು ವರ್ಷ ಹೊರುವ ಭಾರವನ್ನು ನಾಲ್ಕು ವರ್ಷ ಹೊರುವುದು ಬೇರೆಯೇ ಮಾತು. ಹೆಣ್ಣುಮಕ್ಕಳಿಗಂತೂ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದುದೇ 1921ರಲ್ಲಿ.

ಮಣಿಪಾಲದ ಡಾ. ಟಿ.ಎಂ.ಎ. ಪೈಗಳ ಪ್ರಯತ್ನದಿಂದ 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಸ್ಥಾಪಿತವಾದಾಗ ಈ ದೂರ ಮೊದಲ ಬಾರಿಗೆ ಕುಗ್ಗಿತು. ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರವು ಇಂದು ಇದೇ ಕಾಲೇಜಿನಲ್ಲಿದೆ. 1960ರಲ್ಲಿ ಉಡುಪಿಯ ಪೂರ್ಣಪ್ರಜ್ಞ ಕಾಲೇಜೂ ಕಾರ್ಕಳದ ಭುವನೇಂದ್ರ ಕಾಲೇಜೂ ಬಂದವು. ಅಷ್ಟರಲ್ಲಿ ಇಂಟರ್‌ಮೀಡಿಯೇಟ್ ಅಳಿದು, ಒಂದು ವರ್ಷದ ಪಿ.ಯು.ಸಿ.ಯೂ ಮೂರು ವರ್ಷದ ಪದವಿಯೂ ರೂಢಿಗೆ ಬಂದಿದ್ದವು. ಪಿ.ಯು.ಸಿ. ಮುಂದೆ ಎರಡು ವರ್ಷದ್ದಾಗಿ ವಿಶ್ವವಿದ್ಯಾನಿಲಯದ ಕೈಯಿಂದಲೇ ಹೊರಬಿದ್ದಿತು. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ 1980ರಲ್ಲಿಯೇ ಶಿರ್ವದಲ್ಲಿ ಸಂತ ಮೇರಿ ಕಾಲೇಜು ಆರಂಭವಾಯಿತು. ನಡುಮೆಟ್ಟಿಲು ಮರೆಯಾದ ಮೇಲೆ ಊರಿಗೆ ಮೇಲ್ಮೆಟ್ಟಿಲು ಬಂದಿತು.

ಆ ಹಳೆಯ ವಿಚಾರ ಮಾತ್ರ ಮತ್ತೆ ಮತ್ತೆ ತಲೆಯೆತ್ತುತ್ತದೆ. ಇಂಗ್ಲೆಂಡಿನಲ್ಲಿ 2001ರಿಂದ ಎರಡು ವರ್ಷದ ‘ಫೌಂಡೇಶನ್’ ಪದವಿ ನಡೆಯಿತು. ಅದನ್ನು ಮುಗಿಸಿದವರು ಮುಂದೆ ಓದಿ ಪೂರ್ಣ ಪದವಿ ಪಡೆಯಬಹುದು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಕ್ರಮವು ಎರಡು ವರ್ಷಕ್ಕೆ ನಿಲ್ಲುವವರಿಗೆ ಡಿಪ್ಲೊಮಾ ಕೊಡಲೆಳಸಿತು. 2024ರಲ್ಲಿ ಸರಕಾರ ಮೂರು ವರ್ಷದ ಪದವಿಗೇ ಮರಳಿತು. ಶಿರ್ವದ ಸಮೀಪದ ಬಂಟಕಲ್ಲಿನಲ್ಲಿ 2010ರಿಂದ ಇಂಜಿನಿಯರಿಂಗ್ ಕಾಲೇಜಿದೆ; ಪಾಲಿಟೆಕ್ನಿಕ್ ಡಿಪ್ಲೊಮಾ ಪಡೆದವರಿಗೆ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶವುಂಟು. ಎಫ್.ಎ.ಯ ನಿಜವಾದ ವಾರಸುದಾರ ಇದೇ ಎಂದು ನಮಗೆ ತೋರುತ್ತದೆ.

ನಡುಮೆಟ್ಟಿಲು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆಗೆ ಈ ಜಿಲ್ಲೆಯ ಚರಿತ್ರೆ ಕೊಡುವ ಉತ್ತರ ಸರಳವಾದುದು. ಮೇಲಿನ ಮೆಟ್ಟಿಲು ಕೈಗೆಟಕುವಷ್ಟು ಹತ್ತಿರವಿದ್ದರೆ ಅದು ವಿಶ್ರಾಂತಿಯ ತಾಣ. ಮೂರು ಹೊಳೆಗಳಾಚೆ ಇದ್ದರೆ ದಾರಿಯ ಕೊನೆ.