ಒಲೆಯ ರೊಟ್ಟಿ, ಭಟ್ಟಿಯ ಬಿಸ್ಕಿಟು: ನಮ್ಮ ಮನೆಗಳ ಹಬ್ಬದಡುಗೆಯ ಚರಿತ್ರೆ

ಶತಮಾನೋತ್ಸವದ ಸಂಚಿಕೆಯೆಂದರೆ ದೇವಾಲಯದ ಅಡಿಗಲ್ಲು, ಗೋಪುರ, ಗಂಟೆ, ಸೇವೆ ಸಲ್ಲಿಸಿದ ಗುರುವರ್ಯರ ನಾಮಾವಳಿ, ಇವುಗಳ ಚರಿತ್ರೆಯೇ ಪ್ರಧಾನವಾಗಿರುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ನೂರು ವರ್ಷಗಳ ಕಾಲ ಆ ಗಂಟೆಯ ನಾದಕ್ಕೆ ಓಗೊಟ್ಟು ಬಂದ ಕುಟುಂಬಗಳು ಯಾವ ಒಲೆಯನ್ನು ಹೊತ್ತಿಸಿ, ಯಾವ ಹಿಟ್ಟನ್ನು ನಾದಿ, ಯಾವ ಬುತ್ತಿಯನ್ನು ಕಟ್ಟಿಕೊಂಡು ಬಂದವು ಎಂಬುದನ್ನು ಬರೆದಿಟ್ಟವರು ವಿರಳ. ಇದು ಬಹುಮಟ್ಟಿಗೆ ನಮ್ಮ ತಾಯಂದಿರ ಚರಿತ್ರೆಯಾದುದರಿಂದ ದಾಖಲೆಯ ಪುಸ್ತಕಗಳಲ್ಲಿ ಇದಕ್ಕೆ ಸ್ಥಳ ದೊರೆಯಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ಊರುಗಳ ಸೀಮೆಯ ನಮ್ಮ ಮನೆಗಳಲ್ಲಿ ಹಬ್ಬಕ್ಕೂ ದಿನನಿತ್ಯದ ಅವಸರದ ಬೆಳಗಿಗೂ ರೊಟ್ಟಿ, ಬಿಸ್ಕಿಟುಗಳು ಬೆಂದು ಬಂದ ದಾರಿಯನ್ನು ಯಥಾಶಕ್ತಿ ಗುರುತಿಸಲು ಇಲ್ಲಿ ಯತ್ನಿಸಿದ್ದೇವೆ.

ಜೋಳದ ಸೀಮೆ

ಕೃಷ್ಣೆಯ ದಂಡೆಯ ಈ ಎರೆ ಭೂಮಿಯ ಮೂಲಾಹಾರ ಜೋಳ. ಗೋಧಿ ಇಲ್ಲಿ ಅಪರಿಚಿತವಾಗಿರಲಿಲ್ಲ. ಆದರೆ ಬಡವರ ಮನೆಯಲ್ಲಿ ಅದು ಹೋಳಿಗೆಯ ದಿನಕ್ಕೆ, ಬೀಗರು ಬಂದ ದಿನಕ್ಕೆ ಮೀಸಲಾದ ಧಾನ್ಯವಾಗಿತ್ತು. ಉಳಿದ ದಿನಗಳಲ್ಲಿ ರೊಟ್ಟಿಯೇ ದೇವರು ಕೊಟ್ಟ ಅನ್ನ.

ಆ ರೊಟ್ಟಿಯಲ್ಲಿ ಎರಡು ಬಗೆ. ಬಿಸಿ ರೊಟ್ಟಿ ಅಂದಂದಿಗೆ. ಖಡಕ ರೊಟ್ಟಿ ಮುಂದಿನ ದಿನಗಳಿಗೆ. ಕುದಿನೀರಿನಲ್ಲಿ ಕಲಸಿದ ಹಿಟ್ಟನ್ನು ನಾದಿ, ಅಂಗೈಯಿಂದ ತೆಳ್ಳಗೆ ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಬೇಯಿಸಿದ ಮೇಲೆ ಅದನ್ನು ಒಲೆಯ ಮಗ್ಗುಲಿಗೆ ಒರಗಿಸಿ ನಿಲ್ಲಿಸುತ್ತಿದ್ದರು. ಕೆಂಡದ ಕಾವಿಗೆ ಅದರೊಳಗಿನ ಪಸೆಯೆಲ್ಲ ಆರಿ ರೊಟ್ಟಿ ಹಪ್ಪಳದಂತೆ ಗರಿಗರಿಯಾಗುತ್ತಿತ್ತು. ನೀರಿನಂಶವಿಲ್ಲದ್ದಕ್ಕೆ ಬೂಸು ಹತ್ತದು. ಅರಿವೆ ಮುಚ್ಚಿದ ಬುಟ್ಟಿಯಲ್ಲಿ ವಾರಗಟ್ಟಲೆ ಕೆಡದೆ ಉಳಿಯುವುದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ‘ಬಿಸ್ಕಿಟ್’ ಎಂಬ ಶಬ್ದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅದರ ಅರ್ಥ ಎರಡು ಸಲ ಬೇಯಿಸಿದ್ದು ಎಂದು. ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡುವವರಿಗಾಗಿ ರೊಟ್ಟಿಯನ್ನು ಬೇಯಿಸಿ, ಮತ್ತೆ ಒಣಗಿಸಿ ಕೊಡುತ್ತಿದ್ದುದರಿಂದ ಆ ಹೆಸರು. ಆ ಲೆಕ್ಕದಲ್ಲಿ ಹಂಚಿನ ಮೇಲೆ ಒಮ್ಮೆ, ಒಲೆಯ ಮಗ್ಗುಲಿನಲ್ಲಿ ಇನ್ನೊಮ್ಮೆ ಬೆಂದ ನಮ್ಮ ಖಡಕ ರೊಟ್ಟಿಯೂ ಬಿಸ್ಕಿಟ್ಟೇ. ಭಟ್ಟಿಯೂ ಬೇಕರಿಯೂ ಬರುವ ಮುಂಚೆಯೇ ನಮ್ಮ ಅಜ್ಜಿಯಂದಿರು ಈ ವಿದ್ಯೆಯನ್ನು ಅರಿತಿದ್ದರು.

ಉಪವಾಸದ ಬೆಳಗು

ಈ ರೊಟ್ಟಿಗೂ ನಮ್ಮ ಧರ್ಮಾಚರಣೆಗೂ ಇದ್ದ ನಂಟನ್ನು ಇಂದಿನ ತರುಣರು ಅರಿಯರು. ಇಂದು ಪರಮಪ್ರಸಾದ ಸ್ವೀಕರಿಸುವ ಮುನ್ನ ಒಂದು ತಾಸು ಉಪವಾಸವಿದ್ದರೆ ಸಾಕು. ಹಿಂದೆ ಹಾಗಿರಲಿಲ್ಲ. ನಡುರಾತ್ರಿಯಿಂದ ತುತ್ತು ಅನ್ನವಿರಲಿ, ಗುಟುಕು ನೀರನ್ನೂ ಮುಟ್ಟುವಂತಿರಲಿಲ್ಲ. 1953ರಲ್ಲಿ ಜಗದ್ಗುರು 12ನೆಯ ಪಯಸ್ಸರು ನೀರಿನಿಂದ ಉಪವಾಸ ಮುರಿಯದೆಂದು ಸಾರಿದರು. 1957ರಲ್ಲಿ ಊಟದ ನಿಯಮವನ್ನು ಮೂರು ತಾಸಿಗೆ ಇಳಿಸಿದರು. 1964ರಲ್ಲಿ 6ನೆಯ ಪೌಲರು ಅದನ್ನು ಒಂದು ತಾಸಿಗೆ ತಂದರು. ಬೆಳಗಾವಿ ಧರ್ಮಪ್ರಾಂತ್ಯವು ಗೋವೆ ಮತ್ತು ಪುಣೆಯ ಭಾಗಗಳಿಂದ ರೂಪುಗೊಂಡದ್ದೂ ಅದೇ 1953ರಲ್ಲಿ.

ಅದಕ್ಕೂ ಮೊದಲಿನ ಭಾನುವಾರವನ್ನು ಊಹಿಸಿಕೊಳ್ಳೋಣ. ದೂರದ ಹಳ್ಳಿಯಿಂದ ನಸುಕಿನಲ್ಲೇ ನಡೆದು, ಇಲ್ಲವೇ ಚಕ್ಕಡಿ ಹೂಡಿಕೊಂಡು ಬರುವ ಕುಟುಂಬ. ಖಾಲಿ ಹೊಟ್ಟೆಯ ಹಿರಿಯರು. ತಾಯಿಯ ಕಂಕುಳಲ್ಲಿ ಬುತ್ತಿಯ ಗಂಟು. ಪೂಜೆ ಮುಗಿದ ಮೇಲೆ ಮರದ ನೆರಳಿನಲ್ಲಿ ಆ ಗಂಟು ಬಿಚ್ಚಬೇಕು. ಆಗ ಒಲೆ ಹೊತ್ತಿಸುವ ಮಾತೆಲ್ಲಿ? ಖಡಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಒಂದು ಉಂಡೆ ಬೆಲ್ಲ, ಇವೇ ಭಾನುವಾರದ ಔತಣ. ಇಸ್ರಾಯೇಲರು ಈಜಿಪ್ಟಿನಿಂದ ಅವಸರದಲ್ಲಿ ಹೊರಟಾಗ ಹಿಟ್ಟು ಹುದುಗುವವರೆಗೆ ಕಾಯಲು ವ್ಯವಧಾನವಿಲ್ಲದೆ ಹುಳಿಯಿಲ್ಲದ ರೊಟ್ಟಿಯನ್ನೇ ಸುಟ್ಟುಕೊಂಡರೆಂದು ಪವಿತ್ರ ಗ್ರಂಥ ಹೇಳುತ್ತದೆ. ನಮ್ಮ ಬಲಿಪೀಠದ ರೊಟ್ಟಿಯೂ ಹುಳಿಯಿಲ್ಲದ್ದೇ. ಅವಸರದ ರೊಟ್ಟಿಯು ಹೀನವಾದುದಲ್ಲ. ಅದು ವಿಮೋಚನೆಯ ರೊಟ್ಟಿ.

ಗೋವೆಯ ದಾರಿ

ಹುದುಗಿದ ರೊಟ್ಟಿ, ಅಂದರೆ ಪಾವ್, ನಮ್ಮ ಸೀಮೆಗೆ ಬಂದದ್ದು ಪಡುವಣದಿಂದ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಅಲ್ಲಿ ಗೋಧಿಯ ರೊಟ್ಟಿ ಬೇಯಿಸುವ ಕಸುಬು ಬೇರೂರಿತು. ಹಿಟ್ಟನ್ನು ಹುದುಗಿಸಲು ಯೂರೋಪಿನ ಹುಳಿ ಇಲ್ಲಿ ದೊರೆಯದಾಗ ತೆಂಗಿನ ಶೇಂದಿಯನ್ನು ಬಳಸಿದ ಜಾಣ್ಮೆ ಗೋವೆಯ ಜನರದು. ಪಾವ್ ಎಂಬುದು ಪೋರ್ಚುಗೀಸ್ ಶಬ್ದ. ಇಗರ್ಜಿ, ಪಾದ್ರಿ ಎಂಬ ಮಾತುಗಳಂತೆಯೇ, ನಾವು ದಿನವೂ ಆಡುವ ಚಾವಿ, ಪಗಾರ, ಬಟಾಟೆ ಎಂಬ ಮಾತುಗಳಂತೆಯೇ.

1818ರಲ್ಲಿ ಬೆಳಗಾವಿ ಇಂಗ್ಲಿಷರ ವಶವಾಗಿ ಅಲ್ಲಿ ದಂಡಿನ ಪಾಳೆಯ ನೆಲೆಯೂರಿತು. ಇಂಥ ದಂಡಿನ ಪೇಟೆಗಳಿಗೆ ರೊಟ್ಟಿ ಬೇಯಿಸುವವರೂ ಅಡುಗೆಯವರೂ ಗೋವೆಯಿಂದ ಬಂದು ನೆಲೆಸಿದರು. ಘಟ್ಟದಾಚೆಯಿಂದ ಬಂದ ಕೊಂಕಣಿ ಮಾತಿನ ಕುಟುಂಬಗಳು ತಮ್ಮೊಡನೆ ಕ್ರಿಸ್ಮಸ್ಸಿನ ‘ಕುಸ್ವಾರ’ನ್ನೂ ತಂದವು: ನೆವ್ರಿ, ಕಲ್ಕಲ್, ದೋದೊಲ್, ಪದರ ಪದರವಾದ ಬೆಬಿಂಕ. ಮನೆಯಲ್ಲಿ ಭಟ್ಟಿಯಿಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಉಸುಕು ಹಾಸಿ, ಅದರೊಳಗೆ ಹಿಟ್ಟಿನ ಡಬ್ಬಿಯನ್ನಿಟ್ಟು, ಮುಚ್ಚಳದ ಮೇಲೂ ಕೆಂಡ ಸುರಿದು ಕೇಕು ಬೇಯಿಸುವ ಉಪಾಯವನ್ನು ಕಂಡುಕೊಂಡರು. ಕೆಳಗೂ ಬೆಂಕಿ, ಮೇಲೂ ಬೆಂಕಿ. ಭಟ್ಟಿಯ ತತ್ವವೂ ಅದೇ ಅಲ್ಲವೇ?

ನಮ್ಮ ಕನ್ನಡ, ಮರಾಠಿ ಮನೆಗಳಿಗೆ ಈ ತಿನಿಸುಗಳು ಸಂಪೂರ್ಣ ಹೊಸತಾಗಿ ಕಾಣಲಿಲ್ಲ. ನೆವ್ರಿಯನ್ನು ನೋಡಿ ನಮ್ಮವರು, ಇದು ನಮ್ಮ ಕರ್ಚಿಕಾಯಿಯೇ ಎಂದರು. ನಾಗಪಂಚಮಿಗೂ ದೀಪಾವಳಿಗೂ ನೆರೆಮನೆಯವರು ಕರಿಯುವ ಕರ್ಚಿಕಾಯಿ, ಶಂಕರಪಾಳಿ, ಚಕ್ಕುಲಿಗಳೇ ಡಿಸೆಂಬರಿನಲ್ಲಿ ನಮ್ಮ ಕ್ರಿಸ್ಮಸ್ ತಟ್ಟೆಯನ್ನೇರಿದವು. ಅದು ಕಬ್ಬಿನ ಸುಗ್ಗಿಯ ಕಾಲವೂ ಹೌದು. ಗಾಣದಿಂದ ಬಂದ ಹೊಸ ಬೆಲ್ಲದ ಸುವಾಸನೆಯಿಲ್ಲದ ಕ್ರಿಸ್ಮಸ್ಸನ್ನು ಈ ಸೀಮೆಯ ನಾವು ಕಲ್ಪಿಸಿಕೊಳ್ಳಲಾರೆವು. ಹಬ್ಬ ಮುಗಿದು ಮೂರು ವಾರದೊಳಗೆ ಸಂಕ್ರಾಂತಿ. ಆಗ ನೆರೆಮನೆಯಿಂದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಬರುವುದು. ನಾವು ಕೊಟ್ಟ ತಟ್ಟೆ ಬರಿದಾಗಿ ಮರಳಿ ಬರದು.

ಭಟ್ಟಿಯ ಮಧ್ಯಾಹ್ನ

ಈ ಚರಿತ್ರೆಯ ಅತ್ಯಂತ ಸ್ವಾರಸ್ಯದ ಅಧ್ಯಾಯವೆಂದರೆ ಬೇಕರಿಯಲ್ಲಿ ಬಿಸ್ಕಿಟು ‘ಮಾಡಿಸುವ’ ಪದ್ಧತಿ. ಮನೆಯಲ್ಲಿ ಭಟ್ಟಿಯಿಲ್ಲ, ಆದರೆ ಪೇಟೆಯಲ್ಲಿ ಒಂದು ಭಟ್ಟಿಯಿದೆ. ಆದುದರಿಂದ ಹಿಟ್ಟು ನಮ್ಮದು, ಬೆಂಕಿ ಅವರದು.

ಇಟ್ಟಿಗೆಯ ಭಟ್ಟಿಯ ಗುಣವೇ ಇದಕ್ಕೆ ಅನುಕೂಲವಾಗಿತ್ತು. ಒಳಗೆ ಕಟ್ಟಿಗೆ ಉರಿಸಿ, ಕೆಂಡವನ್ನು ಸರಿಸಿದ ಮೇಲೆ ಕಾದ ಇಟ್ಟಿಗೆಗಳು ತಾಸುಗಟ್ಟಲೆ ಕಾವನ್ನು ಹಿಡಿದಿಡುತ್ತವೆ. ಕಾವು ಹೆಚ್ಚಿದ್ದಾಗ ಪಾವ್ ಬೇಯಬೇಕು. ಕಾವು ಇಳಿದ ಮೇಲೆ ಬಿಸ್ಕಿಟು, ನಾನಕಟಾಯಿ. ಕೊನೆಗುಳಿದ ಹದವಾದ ಬಿಸಿಯಲ್ಲಿ ಟೋಸ್ಟ್ ಒಣಗಬೇಕು. ಮನೆಯವರ ಹಿಟ್ಟಿಗೆ ಸಿಗುತ್ತಿದ್ದುದು ಆ ನಡುವಣ ಹೊತ್ತು.

ಮೈದಾ, ಪುಡಿ ಮಾಡಿದ ಸಕ್ಕರೆ, ತುಪ್ಪ ಅಥವಾ ವನಸ್ಪತಿ, ಏಲಕ್ಕಿ, ಚಿಟಿಕೆ ಸೋಡಾ, ಇವನ್ನು ಪರಾತದೊಡನೆ ಹೊತ್ತು ತಾಯಿ ಮಕ್ಕಳು ಬೇಕರಿಗೆ ಹೋಗುತ್ತಿದ್ದರು. ಸೇರು ಮೈದಾಕ್ಕೆ ಮುಕ್ಕಾಲು ಸೇರಿನ ಆಸುಪಾಸು ಸಕ್ಕರೆ, ಅಷ್ಟೇ ತುಪ್ಪ. ತುಪ್ಪ ಸಕ್ಕರೆಗಳನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ಬೆಣ್ಣೆಯಂತೆ ಬೆಳ್ಳಗಾಗಿಸುವುದರಲ್ಲೇ ಎಲ್ಲ ಮರ್ಮವಿತ್ತು. ಕರಿಯ ತಗಡಿನ ಮೇಲೆ ಉಂಡೆಗಳನ್ನು ಒತ್ತಿ ಜೋಡಿಸಿ, ಸರದಿ ಬರುವವರೆಗೆ ಕುಳಿತಿರಬೇಕು. ತೂಕದ ಲೆಕ್ಕದಲ್ಲಿ ಕೂಲಿ. ಸಂಜೆ ಬಿಸಿ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಮನೆಗೆ ಬರುವಾಗ ಓಣಿಯೆಲ್ಲ ಘಮಘಮ.

‘ನಾನ್’ ಎಂದರೆ ಪಾರಸಿ ಭಾಷೆಯಲ್ಲಿ ರೊಟ್ಟಿ. ನಾನಕಟಾಯಿಯ ಹುಟ್ಟನ್ನು ಸೂರತ್ತಿನಲ್ಲಿದ್ದ ಡಚ್ಚರ ಭಟ್ಟಿಗೂ ಅದನ್ನು ಮುಂದುವರಿಸಿದ ಪಾರ್ಸಿಗಳಿಗೂ ಜೋಡಿಸಿ ಹೇಳುವ ಪ್ರತೀತಿಯಿದೆ. ನಮ್ಮ ಭಾಗದ ಪೇಟೆಗಳಲ್ಲಿ ಭಟ್ಟಿಯ ಮುಂದೆ ನಿಂತು ಉದ್ದನೆಯ ಹಿಡಿಕೆಯ ಸಲಿಕೆಯಿಂದ ತಗಡು ಎಳೆಯುತ್ತಿದ್ದವರಲ್ಲಿ ಮುಸಲ್ಮಾನ ಬಾಂಧವರು ಅನೇಕರು. ಅದೇ ತಗಡುಗಳ ಮೇಲೆ ದೀಪಾವಳಿಯ ಬಿಸ್ಕಿಟು, ಈದ್ ಹಬ್ಬದ ಬಿಸ್ಕಿಟು, ಕ್ರಿಸ್ಮಸ್ಸಿನ ಬಿಸ್ಕಿಟು ಬೆಂದವು. ಸರ್ವಧರ್ಮ ಸಮನ್ವಯದ ಕುರಿತು ವೇದಿಕೆಗಳ ಮೇಲೆ ನಾವು ಎಷ್ಟೋ ಭಾಷಣಗಳನ್ನು ಕೇಳಿದ್ದೇವೆ. ಅದನ್ನು ಮೊದಲು ಕಲಿತದ್ದು ಬೇಕರಿಯ ಸರದಿಯ ಸಾಲಿನಲ್ಲಿ.

ದುಡಿಮೆಯ ಬೆಳಗು

1956ರಲ್ಲಿ ಅಮೆರಿಕದೊಡನೆ ಆದ ಪಿ.ಎಲ್. 480 ಒಪ್ಪಂದದಿಂದ ಹೊರದೇಶದ ಗೋಧಿ ಹೇರಳವಾಗಿ ಬಂದಿತು. ಅನಂತರ ಹಸಿರು ಕ್ರಾಂತಿಯ ಗೋಧಿ ಬಂದಿತು. 1972ರ ಭೀಕರ ಬರಗಾಲವನ್ನು ಕಂಡ ಹಿರಿಯರು ರೇಷನ್ ಅಂಗಡಿಯ ಸಾಲನ್ನು ಇನ್ನೂ ಮರೆತಿಲ್ಲ. ಹಬ್ಬದ ಧಾನ್ಯವಾಗಿದ್ದ ಗೋಧಿ ಹೀಗೆ ದಿನದ ಧಾನ್ಯವಾಯಿತು. ಡಬ್ಬಿಯಲ್ಲಿನ ಬಿಸ್ಕಿಟು ದಿನದ ಚಹಾದ ಸಂಗಾತಿಯಾಯಿತು.

ಇದಕ್ಕೆ ದುಡಿಮೆಯ ರೀತಿಯೂ ಕಾರಣ. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರಖಾನೆ ಸ್ಥಾಪನೆಯಾಯಿತು. ಪಾಳಿಯ ಕೆಲಸ ಬಂದಿತು. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ದುಡಿದರು. ಅವರ ಬವಣೆಯನ್ನೂ ಸಂಘಟನೆಯನ್ನೂ ಯುಗಾಂತರ್ ಎಂಬ ಮಹಿಳೆಯರ ತಂಡ 1982ರಲ್ಲಿ ಸಾಕ್ಷ್ಯಚಿತ್ರವಾಗಿ ದಾಖಲಿಸಿತು. ಕತ್ತಲಲ್ಲೇ ಎದ್ದು, ನೀರು ತಂದು, ಮಕ್ಕಳನ್ನು ಶಾಲೆಗೆ ಅಣಿಮಾಡಿ, ತಾನೂ ಕೆಲಸಕ್ಕೆ ಓಡಬೇಕಾದ ತಾಯಿಗೆ ಬೆಳಗಿನ ಒಲೆ ಒಂದು ಭಾರವೇ ಸರಿ. ಬುಟ್ಟಿಯಲ್ಲಿನ ಖಡಕ ರೊಟ್ಟಿ, ಡಬ್ಬಿಯಲ್ಲಿನ ಟೋಸ್ಟ್, ಇವೆರಡೂ ಅವಳಿಗೆ ಅರ್ಧ ತಾಸು ಉಳಿಸಿಕೊಟ್ಟವು. ಟೋಸ್ಟ್ ಕೂಡ ಎರಡು ಸಲ ಬೆಂದದ್ದೇ ಎಂಬುದನ್ನು ನೆನೆಯೋಣ. ಭಾನುವಾರ ಬಿಡುವಿನಲ್ಲಿ ಬೇಯಿಸಿಟ್ಟದ್ದು ವಾರವಿಡೀ ಅವಸರದಲ್ಲಿ ಕೈಹಿಡಿಯುವುದು: ಈ ಗೃಹನೀತಿ ಇಂದಿನದಲ್ಲ.

ನಮ್ಮದೊಂದು ತಪ್ಪೊಪ್ಪಿಗೆ

ಶತಮಾನೋತ್ಸವವು ಆತ್ಮಶೋಧನೆಯ ಕಾಲವೂ ಆಗಿದೆ. ಹಬ್ಬದಡುಗೆಯ ಮಾತು ಬಂದಾಗಲೆಲ್ಲ ನಾವು ಕೇಕಿನ ಚರಿತ್ರೆಯನ್ನೇ ಹೇಳುತ್ತ ಬಂದೆವು. ತಲಶೇರಿಯ ಮಾಂಬಳ್ಳಿ ಬಾಪು 1883ರಲ್ಲಿ ಕ್ರಿಸ್ಮಸ್ ಕೇಕು ಮಾಡಿದ ಕಥೆಯನ್ನು ನಮ್ಮ ಮಕ್ಕಳು ಬಲ್ಲರು. ತಮ್ಮ ಮುತ್ತಜ್ಜಿಯ ಬುತ್ತಿಯ ಗಂಟನ್ನು ಅರಿಯರು. ಮೈದಾ ತುಪ್ಪಗಳನ್ನು ಕೊಳ್ಳಲಾರದ ಕೂಲಿಯ ಮನೆಗಳು ನಮ್ಮಲ್ಲಿ ಅನೇಕವಿದ್ದವು. ಅವರ ಕ್ರಿಸ್ಮಸ್ ಖಡಕ ರೊಟ್ಟಿ ಬೆಲ್ಲದಲ್ಲಿಯೇ ಮುಗಿಯುತ್ತಿತ್ತು. ಕುಸ್ವಾರದ ತಟ್ಟೆಗಳು ಮನೆಯಿಂದ ಮನೆಗೆ ಸಂಚರಿಸುವಾಗ ಆ ಮನೆಗಳವರು ತಮ್ಮದನ್ನು ಕೊಡಲು ಸಂಕೋಚಪಟ್ಟರು. ಕೇಳಿ ಪಡೆಯುವ ದೊಡ್ಡತನವನ್ನು ನಾವು ತೋರಲಿಲ್ಲ. ಬಲಿಪೀಠದ ಮುಂದೆ ಒಂದೇ ರೊಟ್ಟಿಯಲ್ಲಿ ಪಾಲುಗೊಂಡವರು ಹೊರಗೆ ಬಂದು ತಟ್ಟೆಗಳನ್ನು ಅಳೆದೆವು. ಈ ಕೊರತೆಯನ್ನು ಮುಚ್ಚಿಟ್ಟು ಬರೆದ ಚರಿತ್ರೆ ಪೂರ್ಣವಾಗದು.

ಇಂದು ಇನ್ನೊಂದು ಬಗೆಯ ಮರೆವು ಆವರಿಸುತ್ತಿದೆ. ಹಬ್ಬದ ತಿನಿಸು ಪೆಟ್ಟಿಗೆಯಲ್ಲಿ ಕಟ್ಟಿಕೊಂಡೇ ಬರುತ್ತದೆ. ಹಿಟ್ಟು ಹೊತ್ತು ಭಟ್ಟಿಗೆ ಹೋಗುವವರು ಕಡಿಮೆಯಾಗಿದ್ದಾರೆ. ತಾಯಂದಿರ ಶ್ರಮ ಇಳಿದದ್ದು ಸಂತೋಷವೇ. ಹಳೆಯದೆಲ್ಲ ಹೊನ್ನೆಂದು ನಾವು ಹೇಳುವುದಿಲ್ಲ. ವನಸ್ಪತಿಯಲ್ಲಿನ ಹಾನಿಕರ ಕೊಬ್ಬಿಗೆ ಸರಕಾರವೇ 2022ರಿಂದ ಶೇಕಡಾ 2ರ ಮಿತಿ ಹಾಕಿದೆ. ಆದರೆ ಕೂಡಿ ನಾದುವುದು, ಕೂಡಿ ಕಾಯುವುದು, ಕೂಡಿ ಹಂಚುವುದು ಇವು ಶ್ರಮ ಮಾತ್ರವಾಗಿರಲಿಲ್ಲ; ಆಗಮನ ಕಾಲದ ಪ್ರಾರ್ಥನೆಯೂ ಆಗಿದ್ದವು.

ಆದುದರಿಂದ ನಮ್ಮದೊಂದು ವಿನಮ್ರ ಸೂಚನೆ. ಈ ಶತಮಾನೋತ್ಸವ ವರ್ಷದ ಕ್ರಿಸ್ಮಸ್ಸಿಗೆ ದೇವಾಲಯದ ಅಂಗಳದಲ್ಲಿ ಒಂದು ಮಧ್ಯಾಹ್ನ ಎಲ್ಲ ಮನೆಗಳವರೂ ಕೂಡೋಣ. ಬಿಸ್ಕಿಟು ಬಲ್ಲವರು ಬಿಸ್ಕಿಟು ಕಲಿಸಲಿ. ರೊಟ್ಟಿ ಬಡಿಯಬಲ್ಲ ಅಜ್ಜಿಯಂದಿರಿಗೆ ಮೊದಲ ಮಣೆ ಹಾಕೋಣ. ಗಂಡುಮಕ್ಕಳೂ ಹಿಟ್ಟಿಗೆ ಕೈಹಚ್ಚಲಿ. ನಡುರಾತ್ರಿಯ ಬಲಿಪೂಜೆಯ ನಂತರ ಹಂಚುವ ತಟ್ಟೆಯಲ್ಲಿ ಕೇಕಿನ ಪಕ್ಕದಲ್ಲಿ ಖಡಕ ರೊಟ್ಟಿಯ ಒಂದು ತುಂಡೂ ಹೊಸ ಬೆಲ್ಲವೂ ಇರಲಿ.

ಹಿಡಿ ಹಿಟ್ಟು, ತುಸು ಎಣ್ಣೆ ಮಾತ್ರ ಉಳಿದಿದ್ದ ಸಾರೆಪ್ತಾದ ವಿಧವೆ ಮೊದಲ ರೊಟ್ಟಿಯನ್ನು ಪ್ರವಾದಿ ಎಲೀಯನಿಗೆ ಕೊಟ್ಟಳು. ಅವಳ ಮಡಕೆಯ ಹಿಟ್ಟು ತೀರಲಿಲ್ಲ. ಪ್ರಭು ಯೇಸುಸ್ವಾಮಿ ಜನಿಸಿದ ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ‘ರೊಟ್ಟಿಯ ಮನೆ’ ಎಂದೇ ಅರ್ಥ. ನೂರು ವರ್ಷ ತುಂಬಿದ ನಮ್ಮ ಈ ದೇವಾಲಯವೂ, ಇದರ ಮಡಿಲಿನಲ್ಲಿರುವ ಪ್ರತಿಯೊಂದು ಮನೆಯೂ ಅಂಥ ರೊಟ್ಟಿಯ ಮನೆಯಾಗಲಿ. ಬಂದವರು ಯಾರೂ ಅಲ್ಲಿಂದ ಹಸಿದು ಹೋಗದಿರಲಿ ಎಂದು ಪ್ರಾರ್ಥಿಸುತ್ತೇವೆ.