ಫ್ರಾನ್ಸಿನ ಕೆರೆ, ಇಂಗ್ಲಿಷ್ ಗಾಳ

ಫ್ರಾನ್ಸಿನ ನಡುನಾಡಿನಲ್ಲಿ ಒಂದು ಕೆರೆ, ದಡದಲ್ಲಿ ಹಳೆಯ ಒಕ್ಕಲುಮನೆ, ಸುತ್ತ ಒಂದಿಷ್ಟು ಓಕ್ ಮರಗಳು. ಇಷ್ಟನ್ನೂ ಕೊಂಡು, ಶನಿವಾರದಿಂದ ಶನಿವಾರಕ್ಕೆ ಗಾಳ ಹಾಕುವವರಿಗೆ ಬಾಡಿಗೆ ಕೊಟ್ಟು ಬದುಕುವ ಬ್ರಿಟಿಷ್ ಕುಟುಂಬಗಳು 1990ರ ದಶಕದಿಂದೀಚೆಗೆ ಲಿಮೂಸಾಂನಂಥ ಸೀಮೆಗಳಲ್ಲಿ ಅಪರೂಪವಲ್ಲ. ಇದಕ್ಕೆ ಜನ ಕೊಡುವ ವಿವರಣೆ ಸರಳವಾಗಿದೆ. ಇಂಗ್ಲೆಂಡಿನಲ್ಲಿ ಮನೆಗಳ ಬೆಲೆ ಏರಿತು, ಫ್ರಾನ್ಸಿನ ಹಳ್ಳಿಗಳು ಬರಿದಾದವು, 1994ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಅಡಿಯ ಸುರಂಗ ತೆರೆಯಿತು, ಅಗ್ಗದ ವಿಮಾನಗಳು ಬಂದವು. ಈ ಮಾತುಗಳೆಲ್ಲ ನಿಜ. ಆದರೆ ಅವು ಮನೆ ಕೊಂಡದ್ದನ್ನು ವಿವರಿಸುತ್ತವೆಯೇ ಹೊರತು ಕೆರೆ ಕೊಂಡದ್ದನ್ನಲ್ಲ. ಕೆರೆಗಳು ಅಲ್ಲಿ ಏಕಿದ್ದವು, ಅವು ಮಾರಾಟದ ಸರಕಾಗಲು ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಸುಮಾರು ಎಂಟು ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ. ನನ್ನ ವಾದವೂ ಅಲ್ಲಿಂದಲೇ ಹೊರಡುತ್ತದೆ: ಈ ಕೊಳ್ಳುವವರ ಕೈಗೆ ಬಂದದ್ದು ಪ್ರಕೃತಿಯ ತುಣುಕಲ್ಲ, ಒಂದು ಹಳೆಯ ಬೇಸಾಯ. ಅದರ ನೀರನ್ನೂ ಹಕ್ಕುಪತ್ರವನ್ನೂ ಅವರು ಉಳಿಸಿಕೊಂಡರು, ಕಸುಬನ್ನು ಬಿಟ್ಟರು. ಈ ವ್ಯಾಪಾರದ ಬಲವೂ ದೌರ್ಬಲ್ಯವೂ ಆ ಬಿಡುವಿಕೆಯಲ್ಲೇ ಇವೆ.

ಬ್ರೆನ್, ಸೊಲೋಞ್, ದೋಂಬ್ ಸೀಮೆಗಳ ಕೆರೆಗಳಲ್ಲಿ ಬಹುಪಾಲು ತಾವಾಗಿಯೇ ಆದವಲ್ಲ. ನೀರು ಇಂಗದ ಜೇಡಿಮಣ್ಣಿನ ಬಡ ನೆಲದಲ್ಲಿ ಮಧ್ಯಯುಗದ ಮಠಗಳೂ ಜಮೀನ್ದಾರರೂ ಏರಿ ಹಾಕಿ ಕಟ್ಟಿಸಿದವು ಅವು. ಕ್ರೈಸ್ತ ಪಂಚಾಂಗದಲ್ಲಿ ಮಾಂಸ ಮುಟ್ಟಬಾರದ ದಿನಗಳು ವರ್ಷಕ್ಕೆ ನೂರಕ್ಕೂ ಹೆಚ್ಚಿದ್ದವು, ಸಮುದ್ರ ದೂರವಿತ್ತು. ಡ್ಯಾನ್ಯೂಬ್ ಕಡೆಯಿಂದ ಪಶ್ಚಿಮಕ್ಕೆ ಬಂದ ಗೆಂಡೆ ಮೀನು ನಿಂತ ನೀರಿನಲ್ಲಿ ಬೇಗ ಬೆಳೆಯುತ್ತಿತ್ತು, ಒದ್ದೆ ಹುಲ್ಲಿನಲ್ಲಿ ಸುತ್ತಿ ಸಾಗಿಸಿದರೂ ಬಹಳ ಹೊತ್ತು ಜೀವ ಹಿಡಿದಿರುತ್ತಿತ್ತು. (ನಮ್ಮ ಮೀನುಗಾರಿಕೆ ಇಲಾಖೆ ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆಯೂ ಇದೇ ಜಾತಿ.) ಏರಿ, ತೂಬು, ಕೋಡಿ, ಮೇಲಿನ ಕೆರೆಯ ನೀರು ಕೆಳಗಿನದಕ್ಕೆ ಇಳಿಯುವ ಸರಣಿ, ಇವನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವಿದ್ದದ್ದು ಬಳಕೆಯಲ್ಲಿ. ನಮ್ಮಲ್ಲಿ ತೂಬು ತೆರೆಯುವುದು ಗದ್ದೆಗೆ ನೀರು ಬಿಡಲು, ಅಲ್ಲಿ ಮೀನು ಹಿಡಿಯಲು. ಚಳಿಗಾಲದ ಹೊತ್ತಿಗೆ ಕೆರೆಯನ್ನು ಬರಿದು ಮಾಡಿ, ತೂಬಿನ ಬಳಿಯ ಗುಂಡಿಗೆ ಬಂದು ಸೇರಿದ ಮೀನನ್ನು ಬಲೆಯಲ್ಲಿ ಬಾಚುತ್ತಿದ್ದರು. ದೋಂಬ್‌ನಲ್ಲಿ ಸುಮಾರು ನಾಲ್ಕು ವರ್ಷ ಮೀನು ಬೆಳೆದ ಮೇಲೆ ಒಂದು ವರ್ಷ ಕೆರೆಯಂಗಳವನ್ನು ಒಣಗಲು ಬಿಟ್ಟು ಅಲ್ಲೇ ಓಟ್ಸ್ ಬಿತ್ತುವ ಪದ್ಧತಿ ಇಂದಿಗೂ ಇದೆ. ನೀರಿನ ಕಾಲದ ಒಡೆಯ ಒಬ್ಬ, ಒಣಗಿದ ನೆಲದ ಒಡೆಯ ಇನ್ನೊಬ್ಬ ಎಂಬ ಏರ್ಪಾಡೂ ಅಲ್ಲಿತ್ತು. ಒಣಗುವ ವರ್ಷ ನಷ್ಟದ ವರ್ಷವಲ್ಲ. ಕೊಳೆತ ಕೆಸರು ಗಾಳಿ ಬಿಸಿಲಿಗೆ ಮಾಗುತ್ತಿತ್ತು, ಮುಂದಿನ ಮೀನಿಗೆ ಬೇಕಾದ ಸಾರ ಆ ನೆಲದಲ್ಲೇ ಹುಟ್ಟುತ್ತಿತ್ತು.

ಇಂಥ ಕೆರೆ ಖಾಸಗಿ ಸ್ವತ್ತಾಗಿ ಉಳಿದದ್ದು ಹೋರಾಟವಿಲ್ಲದೆ ಅಲ್ಲ. 1793ರ ಡಿಸೆಂಬರ್ 4ರಂದು ಕ್ರಾಂತಿಯ ಕನ್ವೆನ್ಷನ್ ಸಭೆ ಮೀನುಕೆರೆಗಳನ್ನು ಬತ್ತಿಸಿ ಬಿತ್ತಬೇಕೆಂದು ಆಜ್ಞೆ ಹೊರಡಿಸಿತು. ಮಠ ಮತ್ತು ಪಾಳೆಯಗಾರಿಕೆಯ ಮೀನಿಗಿಂತ ಜನರ ರೊಟ್ಟಿ ಮುಖ್ಯವೆಂಬುದು ಅದರ ನಿಲುವು. ಕೆರೆಯ ಕಾರ್ಯಜ್ಞಾನವಿಲ್ಲದ ಆ ಆಜ್ಞೆ 1795ರಲ್ಲೇ ರದ್ದಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಲೇರಿಯಾ ಕಾರಣಕ್ಕೆ ದೋಂಬ್‌ನ ಸಾವಿರಾರು ಹೆಕ್ಟೇರ್ ಕೆರೆ ಬತ್ತಿಸಲಾಯಿತು. ಆದರೂ ಹಕ್ಕಿನ ಎಳೆ ಕಡಿಯಲಿಲ್ಲ. 1789ರ ಆಗಸ್ಟ್ 4ರ ರಾತ್ರಿ ಪಾಳೆಯಗಾರಿಕೆಯ ಸವಲತ್ತುಗಳು ರದ್ದಾಗುವ ಮೊದಲೇ ಇದ್ದ ಕೆರೆಗೆ ಹಳೆಯ ಜಲಹಕ್ಕಿದೆ ಎಂದು ಫ್ರೆಂಚ್ ನ್ಯಾಯಾಲಯಗಳು ಇಂದೂ ಒಪ್ಪುತ್ತವೆ. ಅದಕ್ಕೆ ಪುರಾವೆಯಾಗಿ ಜನ ಮುಂದಿಡುವುದು ಹದಿನೆಂಟನೆಯ ಶತಮಾನದ ಕಾಸೀನಿ ನಕ್ಷೆಯನ್ನು. ಬರ್ಮಿಂಗ್‌ಹ್ಯಾಮಿನಲ್ಲಿ ಮನೆ ಮಾರಿ ಬಂದವರು ನೋಟರಿಯ ಕಚೇರಿಯಲ್ಲಿ ಕುಳಿತು, ತಮ್ಮ ಕೆರೆ ರಾಜನ ಕಾಲದ ಭೂಪಟದಲ್ಲಿ ಇದೆಯೇ ಎಂದು ಹುಡುಕಬೇಕಾಗುತ್ತದೆ! ಇದರ ಜೊತೆಗೆ 1984ರ ಮೀನುಗಾರಿಕೆ ಕಾನೂನು ಮುಚ್ಚಿದ ನೀರನ್ನು, ಎಂದರೆ ಮೀನು ಸಹಜವಾಗಿ ಹೊರಹೋಗಲಾಗದ ನೀರನ್ನು, ಸಾರ್ವಜನಿಕ ನೀರಿನಿಂದ ಬೇರ್ಪಡಿಸಿತು. ನದಿಯಲ್ಲಿ ಗಾಳ ಹಾಕಲು ಪರವಾನಗಿ ಬೇಕು, ಗುರುತಿಸಿದ ಕೆಲವು ಭಾಗಗಳನ್ನು ಬಿಟ್ಟರೆ ರಾತ್ರಿ ಹಾಕುವಂತಿಲ್ಲ. ಮುಚ್ಚಿದ ಕೆರೆಯಲ್ಲಿ ಒಡೆಯ ಹೇಳಿದ್ದೇ ನಿಯಮ. ಗೆಂಡೆಯ ಗಾಳಗಾರನಿಗೆ ಬೇಕಾದದ್ದು ಆ ರಾತ್ರಿಯೇ.

ಇಂಥ ಖಾಸಗಿ ಹಕ್ಕಿನ ಬೆಲೆ ತಿಳಿಯಲು ಕಾವೇರಿಯ ಕಡೆ ಒಮ್ಮೆ ತಿರುಗಿ ನೋಡಬಹುದು. ಭೀಮೇಶ್ವರಿ, ಗಾಲಿಬೋರೆಯ ಶಿಬಿರಗಳಿಗೆ ಮಹಶೀರ್ ಹಿಡಿದು ತೂಗಿ ಮತ್ತೆ ಹೊಳೆಗೆ ಬಿಡಲು ವಿದೇಶದ ಗಾಳಗಾರರು ಹಣ ಕೊಟ್ಟು ಬರುತ್ತಿದ್ದರು. ಅಭಯಾರಣ್ಯದೊಳಗೆ ಗಾಳ ಹಾಕುವುದು ವನ್ಯಜೀವಿ ಕಾಯ್ದೆಗೆ ವಿರುದ್ಧವೆಂದಾದಾಗ ಆ ಆಟ ನಿಂತಿತು. ಹೊಳೆಯನ್ನು ಯಾರೂ ಕೊಂಡಿರಲಿಲ್ಲ, ಕೊಳ್ಳುವಂತೆಯೂ ಇರಲಿಲ್ಲ.

ಇನ್ನು ಇಂಗ್ಲೆಂಡಿನ ಕಡೆಯ ಕತೆ. ಅಲ್ಲೂ ಹದಿನೈದನೆಯ ಶತಮಾನದ ಹೊತ್ತಿಗೆ ಗೆಂಡೆ ಬಂದಿತ್ತು, ಆದರೆ ಕಾಲ ಕಳೆದಂತೆ ಊಟದ ತಟ್ಟೆಯಿಂದ ಮರೆಯಾಯಿತು. ಹೆರೆಫರ್ಡ್‌ಷೈರಿನ ರೆಡ್‌ಮೈರ್ ಎಂಬ ಪುಟ್ಟ ಕೆರೆಗೆ 1934ರಲ್ಲಿ 50 ಮರಿಗಳನ್ನು ಬಿಟ್ಟಿದ್ದರು. 1952ರ ಸೆಪ್ಟೆಂಬರಿನಲ್ಲಿ ಅಲ್ಲಿ ಗಾಳಗಾರ ರಿಚರ್ಡ್ ವಾಕರ್ 44 ಪೌಂಡ್, ಎಂದರೆ ಸುಮಾರು 20 ಕಿಲೋ, ತೂಗಿದ ಗೆಂಡೆಯನ್ನು ಹಿಡಿದರು. ಅವರು ಅದನ್ನು ಕೊಲ್ಲಲಿಲ್ಲ, ಲಂಡನ್ ಮೃಗಾಲಯದ ಅಕ್ವೇರಿಯಮ್ಮಿಗೆ ಕಳುಹಿಸಿದರು. ಕ್ಲಾರಿಸಾ ಎಂದು ಹೆಸರಾದ ಆ ಮೀನು ಇನ್ನೂ ಎರಡು ದಶಕದಷ್ಟು ಬದುಕಿತು. ನನ್ನ ಮಟ್ಟಿಗೆ ಈ ವ್ಯಾಪಾರದ ನಿಜವಾದ ಆರಂಭ ಇದೇ. ಸತ್ತರೆ ಬೆಲೆ ಬರುತ್ತಿದ್ದ ಮೀನಿಗೆ ಈಗ ಬದುಕಿದ್ದರೆ ಮಾತ್ರ ಬೆಲೆ. ಒಂದೇ ಗೆಂಡೆಯನ್ನು ನೂರು ಜನ ನೂರು ಸಲ ಹಿಡಿಯಬಹುದು, ಫೋಟೋ ತೆಗೆಸಿಕೊಳ್ಳಬಹುದು, ಪ್ರತಿ ಸಲವೂ ಕೆರೆಯೊಡೆಯನಿಗೆ ಹಣ. 1980ರ ಸುಮಾರಿಗೆ ತಿನಿಸನ್ನು ಮುಳ್ಳಿಗೆ ಚುಚ್ಚದೆ ಕೂದಲಿನಂಥ ಎಳೆಗೆ ಕಟ್ಟುವ ಉಪಾಯ ಬಂದು, ಅನುಮಾನಪಡುವ ಹಳೆಯ ಮೀನುಗಳೂ ಸಿಗತೊಡಗಿದವು. ಅದೇ ದಶಕದಲ್ಲಿ ಪ್ರೊವಾನ್ಸ್‌ನ ಸೇಂಟ್ ಕಾಸಿಯೆನ್ ಜಲಾಶಯದಿಂದ ತಮ್ಮ ದೇಶದ ದಾಖಲೆಗಿಂತ ಎಷ್ಟೋ ದೊಡ್ಡ ಗೆಂಡೆಗಳ ಚಿತ್ರಗಳು ಬಂದಾಗ ಇಂಗ್ಲೆಂಡಿನ ಗಾಳಗಾರರ ಕಣ್ಣು ಫ್ರಾನ್ಸಿಗೆ ಹೊರಳಿತು. ಬದುಕಿರುವ ದೊಡ್ಡ ಮೀನು ಎಷ್ಟು ಬೆಲೆಯ ಸರಕಾಯಿತೆಂದರೆ, 60 ಸೆಂಟಿಮೀಟರಿಗಿಂತ ಉದ್ದದ ಗೆಂಡೆಯನ್ನು ಹವ್ಯಾಸಿಗಳು ಜೀವಂತ ಸಾಗಿಸಿದರೆ 22,500 ಯೂರೋವರೆಗೆ ದಂಡವೆಂದು ಫ್ರಾನ್ಸ್ ಕಾನೂನು ಮಾಡಬೇಕಾಯಿತು. ನದಿಯ ಮೀನನ್ನು ಕದ್ದು ಖಾಸಗಿ ಕೆರೆಗೆ ಮಾರುವ ದಂಧೆ ಅದರ ಹಿಂದಿತ್ತು.

ವಿದೇಶಿಯರು ಕೊಳ್ಳದಿದ್ದರೆ ಈ ಕೆರೆಗಳು ಹಾಳು ಬೀಳುತ್ತಿದ್ದವು ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗೆಂಡೆ ತಿನ್ನುವವರು ಕಡಿಮೆಯಾದರು. 1979ರ ಯುರೋಪಿನ ಪಕ್ಷಿ ನಿರ್ದೇಶನದ ರಕ್ಷಣೆಯಲ್ಲಿ ಹೆಚ್ಚಿದ ನೀರುಕಾಗೆಗಳು ಮೀನು ಸಾಕುವವರ ಲಾಭವನ್ನು ತಿಂದುಹಾಕಿದವು. ಒಡೆದ ಏರಿಯನ್ನು ಕಟ್ಟಿಸಲು ಹಣ ತಂದವರಲ್ಲಿ ಈ ಹೊಸ ಒಡೆಯರೂ ಇದ್ದಾರೆ, ಅದಕ್ಕೆ ಅವರಿಗೆ ಕೃತಜ್ಞತೆ ಸಲ್ಲಬೇಕು. ಹಿಡಿದು ಬಿಡುವುದು ಹಿಡಿದು ಕೊಲ್ಲುವುದಕ್ಕಿಂತ ಮೃದುವೆಂಬ ವಾದವೂ ಮೀನಿನ ಮಟ್ಟಿಗೆ ಸರಿ. ಆದರೆ ಕೆರೆಯ ಮಟ್ಟಿಗೆ? ಇಪ್ಪತ್ತು ಕಿಲೋದ ಗೆಂಡೆ ಬೆಳೆಯಲು ಹದಿನೈದಿಪ್ಪತ್ತು ವರ್ಷ ಬೇಕು. ಕೆರೆಯ ಬಂಡವಾಳವೆಲ್ಲ ಅಂಥ ಕೆಲವೇ ಮೀನುಗಳ ಮೈಯಲ್ಲಿರುವಾಗ ನೀರು ಖಾಲಿ ಮಾಡಲು ಯಾರಿಗೂ ಕೈ ಬರುವುದಿಲ್ಲ. ಖಾಲಿ ಮಾಡಿದರೆ ಆ ವರ್ಷದ ಬಾಡಿಗೆಯೂ ಇಲ್ಲ. ಹೀಗೆ ಕೆಸರು ಕೂಡುತ್ತದೆ, ಅದರ ಮೇಲೆ ಗಾಳಗಾರರು ವಾರವಾರವೂ ಎರಚಿದ ತಿನಿಸು ಕೊಳೆಯುತ್ತದೆ. ಸೆಖೆಯ ರಾತ್ರಿ ಗುಡುಗು ಮಳೆ ಬಂದಾಗ ನೀರಿನ ಆಮ್ಲಜನಕ ಕುಸಿದು, ಎಲ್ಲಕ್ಕಿಂತ ಮೊದಲು ದೊಡ್ಡ ಮೀನುಗಳೇ ಸಾಯುತ್ತವೆ. ಗಾಳಿಯಂತ್ರ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಯಂತ್ರ ಆ ರಾತ್ರಿಯನ್ನು ದಾಟಿಸುತ್ತದೆ, ಕೆಸರನ್ನು ಕರಗಿಸುವುದಿಲ್ಲ. ಕೆರೆಯನ್ನು ನೋಡಿಕೊಳ್ಳಲು ಒಡೆಯ ಸ್ಥಳದಲ್ಲೇ ಇರಬೇಕು. ಬ್ರೆಕ್ಸಿಟ್ ಆದ ಮೇಲೂ, 2020ರ ಡಿಸೆಂಬರ್ 31ರ ಒಳಗೆ ಫ್ರಾನ್ಸಿನಲ್ಲಿ ನೆಲೆಸಿದ್ದ ಬ್ರಿಟಿಷರಿಗೆ ಅಲ್ಲೇ ಇರುವ ಹಕ್ಕು ಉಳಿಯಿತು. ಆಮೇಲೆ ಬಂದವರು ದೀರ್ಘಾವಧಿ ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಕೆರೆ ಕೊಳ್ಳಲು ಅಡ್ಡಿಯಿಲ್ಲ, ಅದರ ಬಳಿ ಇರಲು ಅಡ್ಡಿಯಿದೆ.

ಕೊನೆಯದಾಗಿ ಒಂದು ಆಕ್ಷೇಪ: ತನ್ನ ಕೆರೆಯ ತೂಬನ್ನು ತೆರೆಯುವುದು ಬಿಡುವುದು ಒಡೆಯನ ಇಷ್ಟ, ಹಾಳಾದರೆ ಅವನದೇ ಹಾಳಾಗುತ್ತದೆ. ಒಂಟಿ ಕೆರೆಯಾದರೆ ಇದನ್ನು ಒಪ್ಪಬಹುದಿತ್ತು. ಸರಣಿಯ ಕೆರೆಗಳಲ್ಲಿ ಮೇಲಿನದು ಖಾಲಿಯಾದಾಗ ಕೆಳಗಿನದು ತುಂಬುತ್ತದೆ. ದೋಂಬ್‌ನ ರೈತರು ಮೀನು ಹಿಡಿಯುವ ದಿನಗಳನ್ನು ಒಬ್ಬರನ್ನೊಬ್ಬರು ಕೇಳಿ ಗೊತ್ತು ಮಾಡುವುದು ಇದಕ್ಕಾಗಿ. ಪ್ರತಿವರ್ಷ ತೆರೆದ ತೂಬಿನಿಂದ ಹೊರಡುವುದು ಹೆಚ್ಚಾಗಿ ನೀರು, ಇಪ್ಪತ್ತು ವರ್ಷ ಮುಚ್ಚಿದ್ದ ತೂಬಿನಿಂದ ಹೊರಡುವುದು ಹೂಳು. ಆ ಹೂಳು ಕೆಳಗಿನ ತೊರೆಗೆ ನುಗ್ಗಬಾರದೆಂದು ಫ್ರಾನ್ಸಿನ ಜಲ ಕಾನೂನು ಕೆರೆ ಬರಿದು ಮಾಡುವುದಕ್ಕೆ ಷರತ್ತು ಹಾಕುತ್ತದೆ. ಆ ಖರ್ಚು ಬೀಳುವುದು ತೂಬು ಮುಚ್ಚಿಟ್ಟು ಬಾಡಿಗೆ ಪಡೆದವರ ಮೇಲಲ್ಲ, ಅವರಿಂದ ಕೆರೆ ಕೊಂಡ ಮುಂದಿನ ಕುಟುಂಬದ ಮೇಲೆ.